ವೊಯ್ತಾನಿಗೆ ಹೊಡೆದ ಗಂಟೆ

ಲ್ಹೋಟಾ ಎಂದರೆ ಯಾವ ಲ್ಹೋಟಾ ಎಂದು ಕೇಳದವನು ಬೊಹೀಮಿಯಾದಲ್ಲಿ ಹುಟ್ಟಿದವನೇ ಅಲ್ಲ. ರೈಲಿನ ಕಿಟಕಿಯಿಂದ ಟೋಪಿ ಹಾರಿಹೋದರೆ ಯಾವುದಾದರೊಂದು ಲ್ಹೋಟಾದಲ್ಲೇ ಹೋಗಿ ಬೀಳುತ್ತದೆ. ಕಾಡು ಕಡಿದು ಊರು ಕಟ್ಟುವವರಿಗೆ ಹಿಂದಿನ ದೊರೆಗಳು ಇಷ್ಟು ವರ್ಷ ಕಂದಾಯ ಬೇಡ ಎಂದು ಗಡುವು ಕೊಡುತ್ತಿದ್ದರಂತೆ. ಆ ಗಡುವಿಗೇ ಲ್ಹೋಟಾ ಎಂದು ಹೆಸರು. ಗಡುವು ಯಾವತ್ತೋ ಮುಗಿದು ಕಂದಾಯ ಶುರುವಾಯಿತು, ಹೆಸರು ಮಾತ್ರ ಊರುಗಳಿಗೆ ಅಂಟಿಕೊಂಡಿತು. ನಮ್ಮದು ಕಮೆನೆಟ್ಸ್ ಗುಡ್ಡದ ಕೆಳಗಿನ ಲ್ಹೋಟಾ. ಮೂರು ಕಣಿವೆಯಾಚೆ ಮರಳು ಲ್ಹೋಟಾ ಎಂದು ಇನ್ನೊಂದಿದೆ. ಅದರ ಹೆಸರೆತ್ತಿದರೆ ನಮ್ಮ ಗಂಟೆ ಹೊಡೆಯುವ ಅಪೊಲೆನಾ ಈ ವಯಸ್ಸಿನಲ್ಲೂ ಮುಖ ತಿರುಗಿಸುತ್ತಾಳೆ. ಪಾಪ, ಆ ಊರಿನವರು ಅವಳಿಗೆ ಮಾಡಿದ್ದೇನೂ ಇಲ್ಲ. ಅಲ್ಲೂ ಒಬ್ಬ ವೊಯ್ತೆಖ್ ಬೆರಾನ್ ಹುಟ್ಟಿದ್ದ, ಅಷ್ಟೇ.

ನಮ್ಮೂರಲ್ಲಿ ನೋಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ ನಮಗೆ ಸ್ವಲ್ಪ ನಾಚಿಕೆಯೇ ಆಗುತ್ತದೆ. ಒಂದು ದೊಡ್ಡ ಕೆರೆ, ಅದರ ಏರಿಯ ಮೇಲೆ ಮುದಿ ಓಕ್ ಮರಗಳು. ಮನೆಗಳ ನಡುವಿನ ಹುಲ್ಲುಬಯಲಲ್ಲಿ ಪಾದ್ರಿಯಿಲ್ಲದ ಒಂದು ಪುಟ್ಟ ಪ್ರಾರ್ಥನಾ ಮನೆ. ನಾವು ಅದನ್ನು ಗಂಟೆಮನೆ ಎನ್ನುತ್ತೇವೆ. ಅದರ ಹಸಿರು ಬಾಗಿಲಿನ ಮುಂದೆ ಎರಡು ಲಿಂಡೆನ್ ಮರ, ಪಕ್ಕದಲ್ಲಿ ಬಿಯರ್ ಅಂಗಡಿ. ಗುಡ್ಡದ ನೆತ್ತಿಯಲ್ಲಿ ಒಂದು ಬಿಳಿ ಶಿಲುಬೆ. ಮುಗಿಯಿತು. ಮೊದಲು ಮೂರು ಗಂಟೆಗಳಿದ್ದವು. ದೊಡ್ಡದನ್ನು ಚಕ್ರವರ್ತಿಯ ಯುದ್ಧಕ್ಕೆ ಕರಗಿಸಿದರು, ನಡುವಿನದನ್ನು ಜರ್ಮನ್ನರು ಹೊತ್ತುಕೊಂಡು ಹೋದರು. ಸಾವಿನ ಗಂಟೆಯೊಂದು ಉಳಿಯಿತು, ಹೊತ್ತು ಹೊತ್ತಿನ ಗಂಟೆಗೂ ಈಗ ಅದೇ. ಅದರಿಂದ ತೋಪಿರಲಿ, ಒಂದು ಸೌಟೂ ಆಗುವುದಿಲ್ಲ ಎಂದು ಬಿಟ್ಟುಹೋಗಿರಬೇಕು.

ಚರ್ಚು, ಸ್ಮಶಾನ ಎರಡೂ ಗುಡ್ಡದಾಚೆ ಬೊರೊವೆಟ್ಸ್‌ನಲ್ಲಿವೆ. ಹಾಗಾಗಿ ನಮ್ಮಲ್ಲಿ ಸತ್ತವರಿಗೂ ಒಂದು ನಡಿಗೆ ಉಂಟು: ಮನೆಯಿಂದ ಹೊರಟು, ಕೆರೆ ಏರಿ ಹಿಡಿದು, ಗುಡ್ಡ ಹತ್ತಿ ಶಿಲುಬೆಯವರೆಗೆ. ಅದನ್ನು ದಾಟಿದರೆ ಊರು ಕಾಣುವುದಿಲ್ಲ. ಶವಪೆಟ್ಟಿಗೆ ಹೊಸಿಲು ದಾಟಿದ ಗಳಿಗೆಯಿಂದ ಶಿಲುಬೆ ದಾಟುವವರೆಗೂ ಗಂಟೆ ಹೊಡೆಯುತ್ತಲೇ ಇರಬೇಕು. ನಡುವೆ ನಿಂತರೆ ಸತ್ತವರು ತಿರುಗಿ ನೋಡುತ್ತಾರಂತೆ. ಶಿಲುಬೆಯ ಬಳಿ ಒಬ್ಬರು ನಿಂತಿದ್ದು, ಪೆಟ್ಟಿಗೆ ದಾಟಿದ ಮೇಲೆ ಟೋಪಿಯನ್ನೋ ವಸ್ತ್ರವನ್ನೋ ಬೀಸುತ್ತಾರೆ. ಲಿಂಡೆನ್ ಮರಗಳ ನಡುವಿನ ಸಂದಿಯಿಂದ ಅದು ಕಂಡಾಗ ಗಂಟೆಯವರು ಹಗ್ಗ ಬಿಡಬೇಕು. ಒಬ್ಬ ಮನುಷ್ಯನಿಗೆ ಒಂದೇ ಸಲ ಆ ಗಂಟೆ. ಎರಡನೇ ಸಲ ಹೊಡೆದರೆ ಇನ್ನೊಂದು ಜೀವ ಕೇಳುತ್ತದೆ ಎಂದು ನಮ್ಮವರ ಭಯ.

ಅಪೊಲೆನಾ ಆ ಹಗ್ಗ ಹಿಡಿದದ್ದು ಹುಡುಗಿಯಾಗಿದ್ದಾಗ. ಅಪ್ಪ ಗಂಟೆಯವನು, ಮೊದಲ ಯುದ್ಧದಲ್ಲಿ ಗುಂಡಿನ ಚೂರು ಹೊಕ್ಕು ಅವನ ಭುಜ ಕೆಲಸಕ್ಕೆ ಬಾರದೆ ಹೋಗಿತ್ತು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅವಳೇ ಎಳೆಯುತ್ತಿದ್ದಳು, ಸಾವಾದಾಗಲೂ ಅವಳೇ. ಈ ಕೆಲಸದಲ್ಲಿ ಒಂದು ಕೊರಗಿದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ: ಗಂಟೆಯವರು ಯಾರ ಹಿಂದೆಯೂ ನಡೆಯುವ ಹಾಗಿಲ್ಲ. ಅಪ್ಪ ಹೋದ, ಅಮ್ಮ ಹೋದಳು, ಗಂಡ ಹೋದ. ಊರೆಲ್ಲ ಹಿಂದೆ ನಡೆಯಿತು, ಅಪೊಲೆನಾ ಮಾತ್ರ ಹಗ್ಗ ಹಿಡಿದುಕೊಂಡು ಸಂದಿಯಿಂದ ನೋಡುತ್ತಿದ್ದಳು.

ಈ ಅಕ್ಟೋಬರಿನಲ್ಲಿ, ಮೀನು ಹಿಡಿಯುವುದಕ್ಕೆಂದು ಕೆರೆಯ ನೀರು ಬಿಡಲು ಶುರುಮಾಡಿದ್ದ ವಾರ, ಫಿಲೊಮೆನಾ ಅವಳ ಬಾಗಿಲು ತಟ್ಟಿದಳು. ಫಿಲೊಮೆನಾ ನಮ್ಮೂರಿನ ವೊಯ್ತೆಖ್ ಬೆರಾನನ ತಂಗಿ. ವೊಯ್ತೆಖ್ ನಮಗೆಲ್ಲ ವೊಯ್ತಾ. ಮಂಡಿನೋವಿನ ಹೆಂಗಸು ಅಷ್ಟು ದೂರ ಕೋಲೂರಿಕೊಂಡು ಬಂದಿದ್ದಾಳೆ ಎಂದರೆ ಕಾರಣ ಕೇಳಬೇಕಾಗಿರಲಿಲ್ಲ. ಆದರೂ ಅಪೊಲೆನಾ ಕೇಳಿದಳು.

“ಏನೇ ಫಿಲ್ಕಾ, ಇಷ್ಟ್ ಬೆಳಗ್ಗೆ?”

“ಅಣ್ಣ ಹೋದ.”

“ಯಾವಾಗ?”

“ಈಗ್ಲೇ. ಕಾಫಿ ಕೇಳ್ದ. ‘ಸಕ್ಕರೆ ಸರಿಯಾಗ್ ಹಾಕೇ, ನಿನ್ ಗಂಟೇನ್ ಹೋಗತ್ತೆ’ ಅಂತ ಬೈದ. ತಂದು ಕೊಡೋಷ್ಟ್ರಲ್ಲಿ ಇಲ್ಲ.”

ಅಪೊಲೆನಾ ಬಾಗಿಲ ಹಿಂದಿನ ಮೊಳೆಗೆ ಕೈ ಹಾಕಿ ಗಂಟೆಮನೆಯ ಬೀಗದ ಕೈ ತೆಗೆದಳು. ಸುದ್ದಿ ಬಂದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

“ಅದನ್ನ ಅಲ್ಲೇ ಇಡು,” ಎಂದಳು ಫಿಲೊಮೆನಾ. “ನಮ್ಮಣ್ಣಂಗೆ ಗಂಟೆ ಆಗಿದೆ. ನೀನೇ ಹೊಡ್ದಿದೀಯ, ಮರ್ತೋಯ್ತಾ?”

“ಅದು ತಪ್ಪಾಗಿ ಹೊಡೆದಿದ್ದು ಕಣೇ...”

“ತಪ್ಪೋ ಒಪ್ಪೋ, ಹೊಡೆದಾಯ್ತು. ಬದುಕಿರೋನಿಗೆ ಹೊಡೆದೆ, ಅದು ನಮ್ಮಮ್ಮನ್ನ ಕರ್ಕೊಂಡ್ ಹೋಯ್ತು. ಇನ್ನೊಂದ್ಸಲ ನಮ್ಮ ಮನೆಗೆ ಆ ಗಂಟೆ ಬೇಡ. ಹೇಳೋಕೆ ಬಂದೆ, ಹೇಳ್ದೆ.”

ಕೋಲಿನ ಸದ್ದು ಅಂಗಳ ದಾಟಿ ಹೋಯಿತು. ಅಪೊಲೆನಾ ಒಲೆಯ ಪಕ್ಕದ ಬೆಂಚಿನ ಮೇಲೆ ಕುಸಿದಳು, ಬೀಗದ ಕೈ ಮುಷ್ಟಿಯಲ್ಲೇ ಇತ್ತು. ವೊಯ್ತಾ ಹೋದ ಎಂಬುದು ಇನ್ನೂ ಒಳಗೆ ಇಳಿದಿರಲಿಲ್ಲ. ಗಂಟೆ ಬೇಡ ಎಂಬುದು ಮಾತ್ರ ಇಳಿದಿತ್ತು. ಈ ಜನ್ಮದಲ್ಲಿ ಅವನಿಗಾಗಿ ಊರೆದುರು ಅವಳು ಮಾಡಬಹುದಾಗಿದ್ದದ್ದು ಅದೊಂದೇ. ಹೆಂಡತಿಯಾಗಿ ಅಳುವ ಹಾಗಿಲ್ಲ, ಜೊತೆಯಲ್ಲಿ ನಡೆಯುವ ಹಾಗಿಲ್ಲ. ಹಗ್ಗವನ್ನೂ ಕಿತ್ತುಕೊಂಡರೆ ಅವನನ್ನು ಏನು ಮಾಡಿ ಕಳಿಸಲಿ?

ವೊಯ್ತಾ ಅವಳನ್ನು ಲೆಂಕಾ ಎನ್ನುತ್ತಿದ್ದ. ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಜರ್ಮನ್ನರು ನಮ್ಮ ಹುಡುಗರನ್ನು ಕಾರ್ಖಾನೆ ಕೆಲಸಕ್ಕೆ ಎಳೆದೊಯ್ಯುತ್ತಿದ್ದ ವರ್ಷ ಅವನಿಗೂ ಕರೆ ಬಂತು. ಹೊರಡುವ ಸಂಜೆ ಮರದ ಪೆಟ್ಟಿಗೆಯೊಂದನ್ನು ಹೆಗಲಿಗೇರಿಸಿಕೊಂಡು ಗಂಟೆಮನೆಯ ಬಾಗಿಲಿಗೆ ಬಂದ.

“ಶಿಲುಬೆವರೆಗೂ ಬಾರೇ ಲೆಂಕಾ. ಅಲ್ಲಿಂದ ನಾನೊಬ್ನೇ ಹೋಗ್ತೀನಿ.”

“ಸಂಜೆ ಗಂಟೆ ಹೊತ್ತಾಯ್ತಲ್ಲೋ. ಅಪ್ಪ ಬೈತಾನೆ.”

“ಒಂದು ದಿನ ಗಂಟೆ ಹೊಡೀದಿದ್ರೆ ಸೂರ್ಯ ಮುಳುಗಲ್ವಾ?”

“ನೀನು ವಾಪಸ್ ಬಂದ್ಮೇಲೆ ನಡೆಯೋಣ. ಎಷ್ಟ್ ದೂರ ಬೇಕಾದ್ರೂ.”

ಅವನು ನಕ್ಕು ಹೊರಟ. ಅವಳು ಹಗ್ಗ ಎಳೆಯುತ್ತ ಸಂದಿಯಿಂದ ನೋಡಿದಳು. ಶಿಲುಬೆಯ ಬಳಿ ಅವನು ಬಹಳ ಹೊತ್ತು ನಿಂತಿದ್ದ. ಅವಳು ಕೈ ಬೀಸೋಣವೆಂದರೆ ಎರಡೂ ಕೈ ಹಗ್ಗದಲ್ಲಿದ್ದವು.

ಮುಂದಿನ ಶರತ್ಕಾಲದಲ್ಲಿ ಬೊರೊವೆಟ್ಸ್‌ಗೆ ಫೋನು ಬಂತು: ಕಾರ್ಖಾನೆಯ ಮೇಲೆ ಬಾಂಬು ಬಿದ್ದಿದೆ, ವೊಯ್ತೆಖ್ ಬೆರಾನ್, ಊರು ಲ್ಹೋಟಾ, ಸತ್ತಿದ್ದಾನೆ. ಯಾವ ಲ್ಹೋಟಾ ಎಂದು ಫೋನು ಮಾಡಿದ ಜರ್ಮನ್ನನಿಗೆ ಗೊತ್ತಿಲ್ಲ, ಅವನಿಗೆ ಲ್ಹೋಟಾಗಳೆಲ್ಲ ಒಂದೇ. ನಮ್ಮವರಾದರೂ ಕೇಳಬೇಕಿತ್ತು. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆಯನ್ನು ಅವತ್ತೊಂದು ದಿನ ಯಾರೂ ಕೇಳಲಿಲ್ಲ. ಸುದ್ದಿ ಸೈಕಲ್ ಹತ್ತಿ ಸೀದಾ ನಮ್ಮ ಕೆರೆ ಏರಿಗೆ ಬಂತು.

ಪೆಟ್ಟಿಗೆಯಿಲ್ಲ, ದೇಹವಿಲ್ಲ. ಅಂಥ ಸಾವಿಗೂ ಕ್ರಮ ಉಂಟು: ಮನೆಯವರೊಬ್ಬರು ಮನೆಯ ವಸ್ತ್ರ ಹಿಡಿದು ಶಿಲುಬೆಯವರೆಗೆ ನಡೆದುಹೋಗಿ ಬೀಸಬೇಕು, ಅಲ್ಲಿಯವರೆಗೆ ಗಂಟೆ. ಅಪೊಲೆನಾ ಎಳೆದಳು. ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿಲ್ಲ, ಮೂಗು ಕೂಡ ಭುಜಕ್ಕೆ ಉಜ್ಜಿಕೊಂಡಳು. ಎಳೆದಳು, ಎಳೆದಳು. ಶಿಲುಬೆಯ ಹತ್ತಿರ ಯಾರೂ ಕಾಣಲಿಲ್ಲ, ಯಾರೂ ಬೀಸಲಿಲ್ಲ. ಅಂಗೈ ಸುಲಿದು ಹಗ್ಗಕ್ಕೆ ರಕ್ತ ಹತ್ತಿತು. ಕೊನೆಗೆ ಅಪ್ಪ ಬಂದು, ಸಾಕು ಮಗಾ ಎಂದು ಒಳ್ಳೆಯ ಕೈಯಿಂದ ಅವಳನ್ನು ಎಳೆದುಕೊಂಡು ಹೋದ. ಗಂಟೆ ತನ್ನಷ್ಟಕ್ಕೆ ತೂಗಿ ತೂಗಿ ಸದ್ದಡಗಿತು. ದುಃಖದ ಗದ್ದಲದಲ್ಲಿ ಯಾರನ್ನೂ ಕಳಿಸಿಲ್ಲವೇನೋ ಎಂದುಕೊಂಡರು, ಅಲ್ಲಿಗೆ ಆ ಮಾತು ಮುಗಿಯಿತು. ವೊಯ್ತಾನ ತಾಯಿ ಅವತ್ತು ಹಾಸಿಗೆ ಹಿಡಿದವಳು ಕ್ರಿಸ್‌ಮಸ್ ಕಾಣಲಿಲ್ಲ.

ಮದುವೆಯಾಗದ ಹುಡುಗಿಯರನ್ನೂ ಕಾರ್ಖಾನೆಗೆ ಕರೆದೊಯ್ಯುತ್ತಿದ್ದ ಕಾಲ. ಅಪ್ಪ ಹೆದರಿ, ಗಾಡಿಚಕ್ರ ಮಾಡುವ ಶಿಮೊನ್ ಕೋಬಾನಿಗೆ ಅವಳನ್ನು ಕೊಟ್ಟ. ಬೇಡ ಎನ್ನುವುದಕ್ಕೆ ಅಪೊಲೆನಾಳ ಹತ್ತಿರ ಕಾರಣವೇನಿತ್ತು? ಬೇಕು ಎನ್ನುವುದಕ್ಕೂ ಇರಲಿಲ್ಲ. ಶಿಮೊನ್ ಒಳ್ಳೆಯ ಮನುಷ್ಯ. ಅದೇ ಕಷ್ಟವಾಯಿತು, ಕೆಟ್ಟವನಾಗಿದ್ದರೆ ಶಾಪ ಹಾಕಿಕೊಂಡಾದರೂ ಇರಬಹುದಿತ್ತು.

ಯುದ್ಧ ಮುಗಿದ ಮೇ ತಿಂಗಳಲ್ಲಿ ಒಂದು ದಿನ ಅವಳು ಮಧ್ಯಾಹ್ನದ ಗಂಟೆ ಹೊಡೆಯುತ್ತಿದ್ದಳು. ಶಿಲುಬೆಯ ಹತ್ತಿರ ಯಾರೋ ನಿಂತು ಟೋಪಿ ಬೀಸಿದರು. ಅಭ್ಯಾಸಬಲ, ಅವಳ ಕೈ ಹಗ್ಗ ಬಿಟ್ಟಿತು. ಮಧ್ಯಾಹ್ನದ ಗಂಟೆ ಅರ್ಧಕ್ಕೆ ನಿಂತದ್ದನ್ನು ಕೇಳಿ ಜನ ಸೂಪಿನ ಚಮಚ ಹಿಡಿದುಕೊಂಡೇ ಹೊರಗೆ ಬಂದರು. ಏರಿಯ ಮೇಲಿಂದ ಒಬ್ಬ ಮನುಷ್ಯ ನಡೆದು ಬರುತ್ತಿದ್ದ. ಒಣಗಿಹೋಗಿದ್ದ, ಬೂಟು ಬಾಯಿ ಬಿಟ್ಟಿತ್ತು. ಅವನನ್ನು ನೋಡಿದವರೆಲ್ಲ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಹಿಂದೆ ಸರಿದರು.

“ಏನ್ ಸಮಾಚಾರ ಲೆಂಕಾ? ನಾನೇನು ಪಿಶಾಚೀನಾ, ಎಲ್ರೂ ಹಿಂಗ್ ಓಡ್ತಿದಾರೆ?”

ಅವನ ಕಣ್ಣು ಅಪೊಲೆನಾಳ ತಲೆಗೆ ಕಟ್ಟಿದ್ದ ಮದುವೆಯಾದವರ ವಸ್ತ್ರದ ಮೇಲೆ ನಿಂತಿತು, ಆಮೇಲೆ ಅವಳ ಹೊಟ್ಟೆಯ ಮೇಲೆ.

“ಓ,” ಎಂದ. “ಸ್ವಲ್ಪ ತಡ ಆಯ್ತು ಅನ್ಸತ್ತೆ.”

ತಾಯಿಯ ಗೋರಿ ನೋಡಿ ಬಂದ ಮೇಲೆ ಅವನು ಮತ್ತೆ ಗಂಟೆಮನೆಗೆ ಬಂದ. ಎಲ್ಲವನ್ನೂ ಕೇಳಿಸಿಕೊಂಡ. ಸತ್ತವನು ಮರಳು ಲ್ಹೋಟಾದ ವೊಯ್ತೆಖ್ ಬೆರಾನ್ ಎಂದು ಎಲ್ಲರಿಗೂ ಆಗಲೇ ತಿಳಿದದ್ದು. ಅತ್ತನೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ, ಲಿಂಡೆನ್ ಮರದ ಕಡೆಗೆ ಮುಖ ಮಾಡಿ ನಿಂತಿದ್ದ.

“ಎಷ್ಟ್ ಹೊತ್ತು ಹೊಡ್ದೆ?”

“ಗೊತ್ತಿಲ್ಲ. ಯಾರೂ ಕೈ ಬೀಸ್ಲೇ ಇಲ್ಲ.”

“ಹಂಗಾದ್ರೆ ನೀನು ಮುಗಿಸ್ಲೇ ಇಲ್ಲ ಅನ್ನು! ಅದಕ್ಕೇ ನೋಡು, ನಡುದಾರೀಲಿ ತಿರುಗಿ ನೋಡ್ದೆ.”

ಆಮೇಲೆ ಊರಿಗೆ ಅವನೊಂದು ತಮಾಷೆಯಾದ. ಗಂಟೆಯಾದ ವೊಯ್ತಾ ಎಂದೇ ಹೆಸರು ಬಿತ್ತು. ಬಿಯರ್ ಅಂಗಡಿಯಲ್ಲಿ ಕಾಲೆಳೆಯದವರಿಲ್ಲ. “ಸತ್ತೋನಿಗೆ ಇನ್ನೊಂದು ಲೋಟ ಯಾಕೋ?” ಎಂದರೆ, “ಸತ್ತೋನ ಹತ್ರ ಹಣ ಕೇಳೋ ಹಾಗಿಲ್ಲ, ಅದಕ್ಕೇ!” ಎನ್ನುತ್ತಿದ್ದ. ಕುಡಿದು ಸ್ವಲ್ಪ ಮೆತ್ತಗಾದಾಗ ಮಾತ್ರ ಬೇರೆ ಮಾತು: “ನಾವೆಲ್ಲ ಲ್ಹೋಟಾದೋರು ಕಣ್ರಯ್ಯ. ನಾನಂತೂ ಬರೀ ಗಡುವಿನ ಮೇಲೆ ಬದುಕ್ತಿದೀನಿ.” ಅವನು ಕೆರೆ ಕಾಯುವ ಕೆಲಸ ಹಿಡಿದ. ತೂಬಿನ ಪಕ್ಕದ ಮನೆಯಲ್ಲಿ ತಂಗಿಯ ಜೊತೆ ಇದ್ದ. ಮದುವೆಯ ಮಾತು ಬಂದಾಗಲೆಲ್ಲ, ಗಂಟೆಯಾದವನಿಗೆ ಯಾವ ಪಾದ್ರಿ ಮದುವೆ ಮಾಡಿಸುತ್ತಾನೆ ಎಂದು ನಗಿಸಿಬಿಡುತ್ತಿದ್ದ.

ಇನ್ನೊಂದು ಕೆಲಸವನ್ನೂ ಅವನೇ ಕೇಳಿ ಹಿಡಿದ. “ಇನ್ಮೇಲೆ ಶಿಲುಬೆ ಹತ್ರ ನಾನ್ ನಿಲ್ತೀನಿ. ಯಾರ ಗಂಟೇನೂ ನನ್ನದರ ಹಾಗೆ ಅರ್ಧಕ್ಕೆ ಬಿಡೋದು ಬೇಡ.”

ಹೀಗೆ ಶುರುವಾಯಿತು ಅವರಿಬ್ಬರ ಸಂಸಾರ. ಸಂಸಾರ ಎನ್ನದೆ ಮತ್ತೇನು ಹೇಳಲಿ? ಊರಲ್ಲಿ ಯಾರಾದರೂ ಸತ್ತರೆ ಅವಳು ಇಲ್ಲಿ ಹಗ್ಗ ಹಿಡಿಯುತ್ತಿದ್ದಳು, ಅವನು ಅಲ್ಲಿ ಟೋಪಿ ಹಿಡಿಯುತ್ತಿದ್ದ. ನಡುವೆ ಕೆರೆ, ಏರಿ, ಗುಡ್ಡ, ಇಡೀ ಊರು. ಅಷ್ಟು ಹೊತ್ತೂ ಅವನು ಅವಳ ಕಡೆ, ಅವಳು ಅವನ ಕಡೆ ನೋಡುತ್ತಿರಲೇಬೇಕು. ಯಾರೂ ತಪ್ಪು ಹುಡುಕುವ ಹಾಗಿಲ್ಲ, ಅದು ಕೆಲಸ. ಯಾರೋ ಸತ್ತರು ಎಂದು ಕೇಳಿದಾಗ ದುಃಖದ ಜೊತೆಗೇ ಅವಳ ಎದೆಯಲ್ಲಿ ಒಂದು ದೀಪ ಹತ್ತುತ್ತಿತ್ತು. ಥೂ, ನಾನೆಂಥ ಹೆಂಗಸು ಎಂದು ಅವಳು ತಕ್ಷಣ ದೇವರಲ್ಲಿ ಕ್ಷಮೆ ಕೇಳುತ್ತಿದ್ದಳು. ಮುಂದಿನ ಸಾವಿಗೆ ಮತ್ತೆ ಅದೇ ದೀಪ.

ಸಾಮೂಹಿಕ ಬೇಸಾಯ ಬಂದಾಗ ಹೊಲದ ಬದುಗಳನ್ನೆಲ್ಲ ಉತ್ತರು, ಟ್ರ್ಯಾಕ್ಟರಿಗೆ ಅಡ್ಡ ಎಂದು ಶಿಲುಬೆಯನ್ನೂ ಕಿತ್ತು ಒಯ್ದರು. ವೊಯ್ತಾ ಆ ಜಾಗದಲ್ಲಿ ಆಲೂಗಡ್ಡೆ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಹತ್ತಿ ನಿಂತ. ಇಲ್ಲೇನು ಮಾಡುತ್ತಿದ್ದೀಯ ಎಂದು ಕೇಳಿದ ಅಧಿಕಾರಿಗೆ, “ಕೆರೇಲಿ ಬಾತುಕೋಳಿ ಎಷ್ಟಿವೆ ಅಂತ ನೋಡ್ತಿದೀನಿ ಕಾಮ್ರೇಡ್, ಸರ್ಕಾರದ್ದು ಒಂದೂ ಕಮ್ಮಿ ಆಗ್ಬಾರ್ದು” ಎಂದನಂತೆ. ಶಿಲುಬೆ ವಾಪಸು ಬರುವವರೆಗೂ ವರ್ಷಗಟ್ಟಲೆ ನಮ್ಮ ಸತ್ತವರಿಗೆ ಅವನೇ ಗಡಿ.

ಶಿಮೊನ್‌ಗೆ ಎಲ್ಲ ಗೊತ್ತಿತ್ತು, ಬಾಯಿ ಬಿಟ್ಟವನಲ್ಲ. ಶ್ವಾಸಕೋಶ ಕೆಟ್ಟು ಮಲಗಿದ್ದಾಗ ಒಂದು ದಿನ ಹೇಳಿದ: “ವೊಯ್ತಾಂಗೆ ಹೇಳು, ನನ್ನ ಸರದೀಲಿ ಅವಸರ ಪಟ್ಟು ಟೋಪಿ ಬೀಸ್ಬೇಡ ಅಂತ. ನಿನ್ ಗಂಟೆ ಕೇಳೋಕೆ ಚೆನ್ನಾಗಿರತ್ತೆ.” ವೊಯ್ತಾ ಅವಸರ ಪಡಲಿಲ್ಲ. ಪೆಟ್ಟಿಗೆ ಶಿಲುಬೆ ದಾಟಿ, ಇಳಿಜಾರಿನಲ್ಲಿ ಪೂರ್ತಿ ಮರೆಯಾಗಿ, ಹಿಂದೆ ಹೋದವರೂ ಮರೆಯಾದ ಮೇಲೆ ನಿಧಾನವಾಗಿ ಟೋಪಿ ಎತ್ತಿದ. ಅವತ್ತು ಅಪೊಲೆನಾ ಗಂಡನಿಗಾಗಿ ಅತ್ತಳು, ಅದು ನಿಜವಾದ ಅಳುವೇ.

ಅದಾದ ಎರಡನೇ ಕ್ರಿಸ್‌ಮಸ್ಸಿಗೆ, ಮಗಳೂ ಮದುವೆಯಾಗಿ ಪಟ್ಟಣ ಸೇರಿ ಅಪೊಲೆನಾ ಒಬ್ಬಳೇ ಇದ್ದಾಗ, ವೊಯ್ತಾ ಅವಳ ಬಾಗಿಲಿಗೆ ಬಂದ. ಹಬ್ಬದ ರಾತ್ರಿ ಕಾರ್ಪ್ ಮೀನಿಲ್ಲದ ಮನೆ ನಮ್ಮಲ್ಲಿಲ್ಲ. ಪತ್ರಿಕೆಯಲ್ಲಿ ಸುತ್ತಿದ ಒಂದು ದೊಡ್ಡ ಕಾರ್ಪ್ ಅವನ ಕಂಕುಳಲ್ಲಿತ್ತು. ಹೊಸ ಕೋಟು ಹಾಕಿದ್ದ, ಕೂದಲಿಗೆ ನೀರು ಹಚ್ಚಿ ಬಾಚಿದ್ದ.

“ಲೆಂಕಾ, ಒಬ್ಬ ಮನುಷ್ಯನಿಗೆ ಒಂದು ಕಾರ್ಪ್ ಜಾಸ್ತಿ ಆಗತ್ತೆ.”

“ಹೌದಲ್ವಾ,” ಎಂದಳು ಅಪೊಲೆನಾ. ಕೈಗೆ ಕೆಲಸ ಬೇಕಾಗಿತ್ತು. ಚಾಕು ತೆಗೆದು ಮೀನನ್ನು ಸರಿಯಾಗಿ ಎರಡು ಮಾಡಿ, ಅವನ ಅರ್ಧವನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿ ಅವನ ಕೈಗಿಟ್ಟಳು. “ತಗೋ. ಇದು ನಿಂಗೆ, ಫಿಲ್ಕಾಗೆ ಸಾಕಾಗತ್ತೆ.”

ವೊಯ್ತಾ ಆ ಪೊಟ್ಟಣ ನೋಡಿದ. “ಸಾಕಾಗತ್ತೆ,” ಎಂದ. “ಹಬ್ಬದ ಶುಭಾಶಯ.” ಬಾಗಿಲು ಮುಚ್ಚಿದ ಮೇಲೆ, ಅವನ ಹೆಜ್ಜೆ ಹಿಮದಲ್ಲಿ ಕರಕರ ಎನ್ನುತ್ತ ದೂರವಾಗುತ್ತಿದ್ದಾಗ, ಅವಳಿಗೆ ಹೊಳೆಯಿತು. ಅಯ್ಯೋ ದೇವರೇ! ಬಾಗಿಲು ತೆರೆದು ಕೂಗಬಹುದಿತ್ತು. ಅಕ್ಕಪಕ್ಕದ ಕಿಟಕಿಗಳಲ್ಲಿ ದೀಪವಿತ್ತು. ಜನ ಏನಂದಾರು ಎಂದು ನಿಂತಳು, ಅಷ್ಟರಲ್ಲಿ ಸದ್ದು ನಿಂತಿತು. ಮುಂದಿನ ವರ್ಷ ಕೂಗೋಣ ಎಂದುಕೊಂಡಳು. ಮುಂದಿನ ವರ್ಷ ಅವನು ಮನೆಯಲ್ಲೇ ಕತ್ತರಿಸಿದ ಅರ್ಧ ಕಾರ್ಪ್ ತಂದ. ಆಮೇಲೆ ಪ್ರತಿ ವರ್ಷವೂ ಅರ್ಧವೇ.

ಇಷ್ಟೆಲ್ಲ ಆಗಿ ಈಗ ಅವನು ಹೋಗಿದ್ದಾನೆ, ಅವನ ತಂಗಿ ಗಂಟೆ ಬೇಡ ಎನ್ನುತ್ತಿದ್ದಾಳೆ. ಮಧ್ಯಾಹ್ನದೊಳಗೆ ಬಿಯರ್ ಅಂಗಡಿಯಲ್ಲಿ ಊರು ಎರಡಾಯಿತು. ಸಂಜೆ ಊರಿನ ಅಧ್ಯಕ್ಷೆ ಯಿಟ್ಕಾ ಅಪೊಲೆನಾಳ ಮನೆಗೆ ಬಂದಳು. ಚುರುಕು ಹೆಂಗಸು, ನಿಂತಲ್ಲಿ ನಿಲ್ಲುವವಳಲ್ಲ.

“ಅತ್ತೆ, ನೋಡಿ, ಅರ್ಧ ಊರು ಹೊಡೀಲಿ ಅನ್ನತ್ತೆ, ಅರ್ಧ ಊರು ಬೇಡ ಅನ್ನತ್ತೆ. ನಾನ್ ಯಾರ ಮಾತು ಕೇಳ್ಲಿ? ಅದಕ್ಕೇ ಹೇಳಿದ್ದೆ, ಗಂಟೆಗೆ ಮೋಟಾರ್ ಹಾಕ್ಸೋಣ ಅಂತ. ಬಟನ್ ಒತ್ತೋದು, ಶಿಲುಬೆ ಹತ್ರ ಇರೋರು ಮೊಬೈಲಲ್ಲಿ ಹೇಳಿದ್ರೆ ಆಫ್ ಮಾಡೋದು. ಯಾರು ಹೊಡೆದ್ರು ಅನ್ನೋ ಜಗಳಾನೇ ಇರ್ತಿರ್ಲಿಲ್ಲ.”

“ಬಟನ್‌ಗೆ ಕಣ್ಣಿದ್ಯಾ ಯಿಟ್ಕಾ?”

“ಕಣ್ ಯಾಕ್ ಬೇಕತ್ತೆ?”

ಯಿಟ್ಕಾ ಅಪೊಲೆನಾಳ ಮುಖ ನೋಡಿ ದನಿ ತಗ್ಗಿಸಿದಳು. “ಮನೆಯೋರು ಒಪ್ಪಿದ್ರೆ ನಂದೇನಿಲ್ಲ. ನೀವೇ ಹೋಗಿ ಕೇಳಿ. ಆದ್ರೆ ಫಿಲೊಮೆನಾ ಅತ್ತೆ ಕೋಲಿಗೆ ಸಿಗೋಷ್ಟು ಹತ್ರ ಕೂರ್ಬೇಡಿ.”

ಮರುದಿನ ಬೆಳಗ್ಗೆ ಅಪೊಲೆನಾ ತೂಬಿನ ಪಕ್ಕದ ಮನೆಗೆ ಹೋದಳು. ಅವನ ಇಚ್ಛೆಯಂತೆ ಹಳೆಯ ಕ್ರಮದಲ್ಲಿ ಪೆಟ್ಟಿಗೆಯನ್ನು ಮುಂದಿನ ಕೋಣೆಯಲ್ಲೇ ಇಟ್ಟಿದ್ದರು. ಗೋಡೆಯ ಮೊಳೆಯಲ್ಲಿ ಅವನ ಟೋಪಿ ತೂಗುತ್ತಿತ್ತು, ಅಂಚು ಸವೆದು ನೂಲು ಬಿಟ್ಟಿತ್ತು. ಇಷ್ಟು ಹತ್ತಿರದಿಂದ ಅವಳು ಆ ಟೋಪಿಯನ್ನು ನೋಡಿದ್ದು ಕಡಿಮೆ. ಅಡುಗೆಮನೆಯಲ್ಲಿ ಫಿಲೊಮೆನಾ ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು. ಅಪೊಲೆನಾ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

“ನಿನ್ನ ಒಪ್ಪಿಗೆ ಇಲ್ದೆ ಹೊಡೆಯಲ್ಲ. ಇಟ್ಕೋ.”

“ಇಟ್ಕೊಂಡು ನಾನೇನ್ ಮಾಡ್ಲಿ, ಸೂಪಿಗೆ ಹಾಕ್ಲಾ?”

“ಫಿಲ್ಕಾ, ನಿಮ್ಮಮ್ಮ ಸತ್ತಿದ್ದು ನನ್ನ ಗಂಟೆಯಿಂದ. ಅದನ್ನ ನಾನು ಯಾವತ್ತೂ ಇಲ್ಲ ಅಂದಿಲ್ಲ. ಆದ್ರೆ ಆ ಗಂಟೆ ನಾನು ಮುಗಿಸ್ಲಿಲ್ಲ ಕಣೇ. ಯಾರೂ ಬೀಸ್ಲಿಲ್ಲ. ಇವತ್ತಿಗೂ ನನ್ನ ಕಿವೀಲಿ ಅದು ನಿಂತಿಲ್ಲ. ಅವನನ್ನ ಹಾಗೇ, ಅರ್ಧ ದಾರೀಲಿ ಬಿಟ್ಟು ಹೆಂಗ್ ಕಳಿಸ್ಲಿ?”

ಫಿಲೊಮೆನಾಳ ಚಾಕು ನಿಂತಿತು.

“ನನ್ನನ್ನ ಕಳಿಸಿದ್ರು,” ಎಂದಳು.

“ಏನು?”

“ಅವತ್ತು ಶಿಲುಬೆಗೆ. ಅಮ್ಮ ವಸ್ತ್ರ ಕೊಟ್ಟು ನನ್ನನ್ನ ಕಳಿಸಿದ್ಲು. ನಾನಿನ್ನೂ ಸ್ಕೂಲಿಗೆ ಹೋಗೋ ಹುಡುಗಿ. ಹೋದೆ, ಬೇಲಿ ಮರೇಲಿ ಕೂತೆ. ನೀನು ಹೊಡೀತಾನೇ ಇದ್ದೆ. ನಾನ್ ಬೀಸಿದ್ರೆ ಅಣ್ಣ ಸತ್ತೇ ಹೋಗ್ತಾನೆ ಅನ್ನಿಸ್ತು. ಬೀಸ್ದೇ ಇದ್ರೆ ಇನ್ನೂ ದಾರೀಲಿರ್ತಾನೆ. ವಸ್ತ್ರ ಲಂಗದೊಳಗೆ ತುರುಕ್ಕೊಂಡು ಕಾಡಿಗೆ ಓಡ್ಹೋದೆ. ಬೀಸ್ದೆ ಅಂತ ಅಮ್ಮನ ಹತ್ರ ಸುಳ್ಳು ಹೇಳ್ದೆ. ಅವನು ತಿರುಗಿ ಬಂದಾಗ ನನ್ನಿಂದ್ಲೇ ಬಂದ ಅಂದ್ಕೊಂಡೆ, ಗೊತ್ತಾ? ಅಮ್ಮ ಹೋಗಿದ್ದೂ ನನ್ನಿಂದ್ಲೇ ಅಂದ್ಕೊಂಡೆ. ಹೇಳೋಕೆ ಧೈರ್ಯ ಇಲ್ದೆ ನಿನ್ನನ್ನ ಬೈಕೊಂಡು ಬಂದೆ. ಬೈಯ್ಯೋಕೆ ನೀನು ಸಿಕ್ಕಿದ್ದೆ.”

ಅಪೊಲೆನಾ ಮೇಜಿನಾಚೆ ಕೈ ಚಾಚಿ ಫಿಲೊಮೆನಾಳ ಒದ್ದೆ ಕೈ ಹಿಡಿದಳು. ಇಬ್ಬರು ಮುದುಕಿಯರೂ ಅತ್ತರು. ಒಲೆಯ ಮೇಲೆ ನೀರು ಕುದಿದು ಚೆಲ್ಲಿತು, ಯಾರೂ ಏಳಲಿಲ್ಲ.

“ಹೊಸ ಗಂಟೆ ಬೇಡ,” ಎಂದಳು ಫಿಲೊಮೆನಾ ಮೂಗು ಒರೆಸಿಕೊಂಡು. “ಹೊಡೆಯೋದು ಆಗಿದೆ. ಬೀಸೋದೊಂದೇ ಬಾಕಿ. ಈ ಮಂಡಿ ಇಟ್ಕೊಂಡು ನಾನು ಗುಡ್ಡ ಹತ್ತಕ್ಕಾಗಲ್ಲ. ನೀನ್ ಹೋಗು.”

“ನಾನು?”

“ಹೂಂ ಕಣೇ, ನೀನು. ಹಗ್ಗ ಹಿಡಿಯೋ ಕೆಲ್ಸ ಇಲ್ವಲ್ಲ ನಾಳೆ. ಅವನ ಹಿಂದೆ ನಡಿ, ಶಿಲುಬೆವರೆಗೂ. ನಾನು ಗಂಟೆಮನೆ ಬಾಗಿಲಲ್ಲಿ ಕೂತು ನೋಡ್ತಿರ್ತೀನಿ.” ಅವಳು ಎದ್ದು ಬೀರುವಿನಿಂದ ಹಳದಿಗಟ್ಟಿದ ಒಂದು ಬಿಳಿ ವಸ್ತ್ರ ತಂದು ಅಪೊಲೆನಾಳ ಮಡಿಲಿಗೆ ಹಾಕಿದಳು. ಬೀಗದ ಕೈಯನ್ನು ತನ್ನ ಜೇಬಿಗೆ ಹಾಕಿಕೊಂಡಳು.

ಮರುದಿನ ಅಗ್ನಿಶಾಮಕ ದಳದ ಹುಡುಗರು ಪೆಟ್ಟಿಗೆಯನ್ನು ಹೆಗಲಿಗೆತ್ತಿದರು. ಶಿಲುಬೆಯಾಚೆ ಕಾರು ಕಾಯುತ್ತಿತ್ತು. ಹೊಸಿಲು ದಾಟಿದಾಗ ಎಲ್ಲರೂ ಅಭ್ಯಾಸದಿಂದ ತಲೆಯೆತ್ತಿದರು. ಗಂಟೆಯಿಲ್ಲ. ಗಂಟೆಯಿಲ್ಲದೆ ಹೇಗೆ ನಡೆಯಬೇಕೆಂದು ನಮ್ಮವರಿಗೆ ತಿಳಿಯಲಿಲ್ಲ, ಹೆಜ್ಜೆಗೆ ಹೆಜ್ಜೆ ಕೂಡಲಿಲ್ಲ. ಪೆಟ್ಟಿಗೆಯ ಹಿಂದೆ, ಮನೆಯವರು ನಡೆಯುವ ಜಾಗದಲ್ಲಿ, ಅಪೊಲೆನಾ ಒಬ್ಬಳೇ ಇದ್ದಳು. ಯಾರೂ ಏನೂ ಅನ್ನಲಿಲ್ಲ. ಜನ ಏನಂದಾರು ಎಂದು ಅವಳೂ ತಿರುಗಿ ನೋಡಲಿಲ್ಲ.

ಕೆರೆ ಬರಿದಾಗಿತ್ತು. ನಡುವೆ ಉಳಿದ ನೀರಲ್ಲಿ ಕಾರ್ಪ್‌ಗಳ ಬೆನ್ನುಗಳು ಮಿನುಗುತ್ತಿದ್ದವು. ಬಲೆ ಎಳೆಯುತ್ತಿದ್ದವರು ತೊಡೆಮಟ್ಟ ಕೆಸರಿನಲ್ಲೇ ಟೋಪಿ ತೆಗೆದು ನಿಂತರು. ಓಕ್ ಮರಗಳ ಕೆಳಗೆ ನಡೆಯುವಾಗ ಅಪೊಲೆನಾ ಮನಸ್ಸಿನಲ್ಲೇ ಮಾತಾಡಿದಳು. ನೋಡೋ ವೊಯ್ತಾ, ಬಂದೆ. ಗಂಟೆ ಹೊತ್ತಾಯ್ತು ಅನ್ನಲ್ಲ ಇವತ್ತು. ಸ್ವಲ್ಪ ನಿಧಾನ ಹೋಗೋಕೆ ಹೇಳೋ ಈ ಹುಡುಗರಿಗೆ. ಗುಡ್ಡದ ಏರಿನಲ್ಲಿ ಅವಳ ಉಸಿರು ಕಟ್ಟಿತು. ಯಿಟ್ಕಾ ತೋಳು ಹಿಡಿಯಲು ಬಂದಳು, ಅವಳು ಬೇಡ ಎಂದಳು. ದಾರಿ ಉದ್ದವಾಗಿಯೇ ಇರಲಿ ಎಂದು ಅವಳ ಆಸೆ. ದಾರಿ ಮುಗಿಯಿತು.

ಪೆಟ್ಟಿಗೆ ಶಿಲುಬೆಯನ್ನು ದಾಟಿ ಇಳಿಜಾರಿಗೆ ಹೋಯಿತು. ಅಪೊಲೆನಾ ಊರಿನ ಕಡೆ ತಿರುಗಿ ನಿಂತಳು. ಇಲ್ಲಿ ನಿಂತು ಅವಳು ಯಾವತ್ತೂ ನೋಡಿರಲಿಲ್ಲ. ಎಷ್ಟು ಚಿಕ್ಕದು ಗಂಟೆಮನೆ! ಎರಡು ಲಿಂಡೆನ್ ಮರ, ನಡುವೆ ಹಸಿರು ಬಾಗಿಲು, ಬಾಗಿಲಲ್ಲಿ ಎಳ್ಳುಕಾಳಿನಷ್ಟು ಫಿಲೊಮೆನಾ. ಇಷ್ಟೇ ಕಾಣುತ್ತಿದ್ದೆನೇ ನಾನು ಅವನಿಗೆ? ಇಷ್ಟು ನೋಡುವುದಕ್ಕಾಗಿ ಮಳೆಯಲ್ಲಿ, ಹಿಮದಲ್ಲಿ, ಆಲೂಗಡ್ಡೆ ಪೆಟ್ಟಿಗೆ ಹತ್ತಿ ಇಷ್ಟು ವರ್ಷ ನಿಂತನೇ?

ಅವಳು ವಸ್ತ್ರ ಎತ್ತಿದಳು, ಬೀಸಲಾಗಲಿಲ್ಲ. ಬೀಸದೆ ಇದ್ದರೆ ಇನ್ನೂ ದಾರಿಯಲ್ಲಿರುತ್ತಾನೆ. ಬೇಲಿ ಮರೆಯಲ್ಲಿ ಕೂತ ಆ ಪುಟ್ಟ ಹುಡುಗಿ ಅವಳಿಗೆ ಅರ್ಥವಾದಳು. ಗಾಳಿಗೆ ವಸ್ತ್ರ ಪಟಪಟ ಎನ್ನುತ್ತಿತ್ತು. ಹಿಂದೆ ಇಳಿಜಾರಿನಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು.

ಅವನು ಎಷ್ಟೋ ಸಲ ಮಾಡುತ್ತಿದ್ದ ಹಾಗೆ, ಅವಸರವಿಲ್ಲದೆ, ಅವಳು ಬೀಸಿದಳು.

ದೂರದಲ್ಲಿ ಫಿಲೊಮೆನಾ ಎದ್ದು ಹಸಿರು ಬಾಗಿಲು ಮುಚ್ಚಿದಳು. ಜರ್ಮನ್ನರ ಕಾಲದಿಂದ ಅಪೊಲೆನಾಳ ಕಿವಿಯಲ್ಲಿ ಹೊಡೆಯುತ್ತಿದ್ದ ಗಂಟೆ ನಿಂತಿತು.